ಹಳೆಯ ಟ್ರ್ಯಾಕ್ಟರು ಏಕೆ ಏಳಲೊಲ್ಲದು?

ಹಸ್ತಾ ಮಳೆ ಸುರಿದು ನಾಲ್ಕು ದಿನಗಳಾಗಿವೆ. ರೋಣದ ಸುತ್ತಣ ಎರೆಹೊಲಗಳ ಮೇಲೆ ಎಳೆಬಿಸಿಲು ಹರಡಿದೆ. ಮೊನ್ನೆಯವರೆಗೆ ಕಾಲಿಟ್ಟವರ ಪಾದವನ್ನು ಬಿಡದೆ ಹಿಡಿಯುತ್ತಿದ್ದ ಕಪ್ಪು ಮಣ್ಣು ಇಂದು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತದೆ; ಸಡಿಲಿಸಿದರೆ ಪುಡಿಯಾಗಿ ಉದುರುತ್ತದೆ. ಒಕ್ಕಲಿಗನು ತಿಂಗಳುಗಟ್ಟಲೆ ಕಾದಿದ್ದ ಹದವೆಂದರೆ ಇದೇ. ಈ ಹದ ನಿಲ್ಲುವುದು ಕೆಲವೇ ದಿನ. ಅಷ್ಟರೊಳಗೆ ಬಿಳಿಜೋಳವೂ ಕಡಲೆಯೂ ಭೂಮಿಯ ಒಡಲನ್ನು ಸೇರಬೇಕು. ಹಿಂಗಾರಿನ ಬೆಳೆಗೆ ಮುಂದೆ ದೊಡ್ಡ ಮಳೆಯ ಭರವಸೆಯಿಲ್ಲ. ಈಗ ಮಣ್ಣಿನಲ್ಲಿ ಅಡಗಿರುವ ತೇವವೇ ಅದರ ಬಂಡವಾಳ.

ಮನೆಯ ಹಿರಿಯನು ಬಹುಕಾಲದಿಂದ ಜೊತೆಗಿರುವ ಟ್ರ್ಯಾಕ್ಟರನ್ನು ಏರಿ ಕುಳಿತಿದ್ದಾನೆ. ಹಿಂದೆ ಕೂರಿಗೆ ಜೋಡಿಸಿದೆ. ಬೀಜದ ಚೀಲಗಳು ಬದುವಿನ ಮೇಲಿವೆ. ಕೀಲಿಕೈ ತಿರುವುತ್ತಾನೆ. ಇಂಜಿನ್ನಿನ ಪಕ್ಕದಿಂದ ‘ಟಕ್’ ಎಂಬ ಒಂದೇ ಒಂದು ಸದ್ದು, ಬಳಿಕ ಮೌನ. ಮತ್ತೊಮ್ಮೆ ತಿರುವಿದರೆ ಮತ್ತೊಂದು ‘ಟಕ್’. ಮುಂದೀಪಗಳು ಮಾತ್ರ ಹಾಕಿದೊಡನೆ ಚೆನ್ನಾಗಿಯೇ ಬೆಳಗುತ್ತವೆ.

“ಬ್ಯಾಟರಿ ಸತ್ತೈತಿ. ಗದಗಿಗೆ ಹೋಗಿ ಹೊಸಾದು ತರಬೇಕು” ಎಂದು ಒಬ್ಬನ ತೀರ್ಪು. “ಸೆಲ್ಫ್ ಮೋಟರು ಸುಟ್ಟೈತಿ” ಎಂದು ಇನ್ನೊಬ್ಬನದು. ಮೂರನೆಯವನು ಆಗಲೇ ಕೈಯಲ್ಲಿ ಪಾನಾ ಹಿಡಿದು ಚಕ್ರದ ಬಳಿಗೆ ನಡೆದಿದ್ದಾನೆ.

ಇಂತಹ ಬೆಳಗು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗೆ ಹೊಸತಲ್ಲ. ಹೊಲದಲ್ಲಿ ನಿಂತ ಈ ಯಂತ್ರದ ಮೌನಕ್ಕೆ ಕಾರಣವೇನು, ಅದನ್ನು ಕಂಡುಹಿಡಿಯುವ ಬಗೆ ಯಾವುದು, ಮೂರನೆಯವನ ಕೈಯಲ್ಲಿರುವ ಪಾನಾ ಏಕೆ ಎಲ್ಲಕ್ಕಿಂತ ಅಪಾಯಕರ ಎಂಬುದು ಪಟ್ಟಣದ ವಾಚಕರೂ ತಿಳಿಯತಕ್ಕ ವಿಷಯ. ಮನೆಯ ಮುಂದೆ ನಿಲ್ಲುವ ಕಾರಾಗಲಿ, ಗುಂಡಿಯೊತ್ತಿದರೆ ಏಳುವ ಸ್ಕೂಟರಾಗಲಿ ಈ ವಿಷಯದಲ್ಲಿ ಟ್ರ್ಯಾಕ್ಟರಿನ ಒಡಹುಟ್ಟುಗಳೇ.

ಬಯಲೂ ಇಳಿಜಾರೂ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟ ಗದಗ ಜಿಲ್ಲೆಗೆ ಈ ಮೂರು ಊರುಗಳೂ ಸೇರಿವೆ. ನರಗುಂದವೆಂದೊಡನೆ 1858ರಲ್ಲಿ ಇಂಗ್ಲಿಷರ ವಿರುದ್ಧ ಸಿಡಿದೆದ್ದ ಬಾಬಾಸಾಹೇಬನ ಹೆಸರೂ, 1980ರ ಜುಲೈ ತಿಂಗಳಿನ ರೈತರ ಬಂಡಾಯವೂ ನೆನಪಾಗುತ್ತವೆ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಕಾಲುವೆ ನೀರಿಗೆ ಸಂಬಂಧಿಸಿದ ಕರಭಾರವೇ ಆ ಬಂಡಾಯಕ್ಕೆ ಮುಖ್ಯ ಕಾರಣವಾಗಿತ್ತು. ಹಿಂದೆ ರೋಣ ತಾಲ್ಲೂಕಿಗೆ ಸೇರಿದ್ದ ಗಜೇಂದ್ರಗಡವು ಈಗ ತಾನೇ ತಾಲ್ಲೂಕಿನ ಕೇಂದ್ರ. ಅದರ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ದೂರದಿಂದಲೇ ಕಾಣಬಹುದು.

ಈ ನೆಲದ ಏರುತಗ್ಗಿಗೂ ಟ್ರ್ಯಾಕ್ಟರಿನ ರೋಗಕ್ಕೂ ಒಂದು ನಂಟುಂಟು. ಗುಡ್ಡದ ಮಗ್ಗುಲಿನ ಊರಿನಲ್ಲಿ ಸೆಲ್ಫ್ ಕೆಟ್ಟ ಟ್ರ್ಯಾಕ್ಟರನ್ನು ರಾತ್ರಿ ಇಳಿಜಾರಿನ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗಬಹುದು. ಬೆಳಗ್ಗೆ ಕಲ್ಲು ತೆಗೆದು, ಗೇರಿಗೆ ಹಾಕಿ ಉರುಳಿಸಿದರೆ ಇಂಜಿನು ಹೇಗೋ ಏಳುತ್ತದೆ. ರೋಣ, ನರಗುಂದಗಳ ಮಟ್ಟಸವಾದ ಎರೆಬಯಲಿನಲ್ಲಿ ಆ ಸೌಕರ್ಯವಿಲ್ಲ. ಅಲ್ಲಿ ಎಳೆಯಲು ಮತ್ತೊಂದು ಟ್ರ್ಯಾಕ್ಟರು ಬೇಕು; ಹದದ ದಿನಗಳಲ್ಲಿ ಊರಿನ ಪ್ರತಿಯೊಂದು ಟ್ರ್ಯಾಕ್ಟರೂ ತನ್ನ ಹೊಲದಲ್ಲಿಯೋ ಬಾಡಿಗೆಯ ಹೊಲದಲ್ಲಿಯೋ ದುಡಿಯುತ್ತಿರುತ್ತದೆ. ಇಳಿಜಾರಿನ ಉಪಾಯವಾದರೂ ರೋಗಕ್ಕೆ ಮದ್ದಲ್ಲ; ರೋಗವನ್ನು ಮರುದಿನಕ್ಕೆ ಮುಂದೂಡುವ ದಾರಿ ಅಷ್ಟೆ.

ಹಿಡಿಕೆಯಿಂದ ಕೀಲಿಕೈಗೆ

ಮೋಟಾರು ವಾಹನಗಳ ಮೊದಲ ದಿನಗಳಲ್ಲಿ ಇಂಜಿನ್ನನ್ನು ಏಳಿಸಲು ಮುಂದುಗಡೆ ಕಬ್ಬಿಣದ ಹಿಡಿಕೆಯೊಂದನ್ನು ಚುಚ್ಚಿ ತೋಳಿನ ಬಲದಿಂದ ತಿರುವಬೇಕಾಗಿತ್ತು. ಇಂಜಿನು ಹಿಮ್ಮುಖವಾಗಿ ಒದೆದರೆ ತಿರುವಿದವನ ಮಣಿಕಟ್ಟು ಮುರಿಯುತ್ತಿತ್ತು. ಈ ಸಂಕಟಕ್ಕೆ ಪರಿಹಾರ ಹುಡುಕಿದವರಲ್ಲಿ ಯಶಸ್ಸು ಪಡೆದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1911ರಲ್ಲಿ ಆತ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು.

ಆತನಿಗೆ ಈ ಉಪಾಯ ಹೊಳೆದ ಬಗೆ ಸ್ವಾರಸ್ಯಕರವಾದುದು. ಅದಕ್ಕೆ ಮುಂಚೆ ಆತ ಅಂಗಡಿಗಳ ಗಲ್ಲಾಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸುವ ಕೆಲಸ ಮಾಡಿದ್ದನು. ಗಲ್ಲಾಯಂತ್ರದ ಮೋಟಾರು ದಿನವಿಡೀ ತಿರುಗಬೇಕಾಗಿಲ್ಲ. ಗಿರಾಕಿ ಬಂದಾಗ ಒಂದು ಕ್ಷಣ ತಿರುಗಿದರೆ ಸಾಕು. ಕ್ಷಣಕಾಲ ಮಾತ್ರ ದುಡಿಯುವುದಾದರೆ ಸಣ್ಣ ಮೋಟಾರೂ ತನ್ನ ಶಕ್ತಿಗೆ ಮೀರಿದ ಭಾರವನ್ನು ಹೊರಬಲ್ಲದು. ಕಾರಿಗೂ ಈ ತತ್ತ್ವವೇ ಸಾಲದೆ? ಹೀಗೆ ಹುಟ್ಟಿದ ಸ್ಟಾರ್ಟರು ಇಂದಿಗೂ ಆ ಜನ್ಮಗುಣವನ್ನು ಬಿಟ್ಟಿಲ್ಲ. ಹತ್ತು ಸೆಕೆಂಡುಗಳ ಕಾಲ ದುಡಿಸಿ, ಅರ್ಧ ನಿಮಿಷಕ್ಕೆ ಕಡಿಮೆಯಿಲ್ಲದಂತೆ ವಿಶ್ರಾಂತಿ ಕೊಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ. ಕೀಲಿಕೈಯನ್ನು ಬಿಡದೆ ಹಿಡಿದು ನಿಮಿಷಗಟ್ಟಲೆ ತಿರುವಿಸಿದರೆ ಒಳಗಿನ ತಂತಿಯ ಸುತ್ತುಗಳು ಸುಟ್ಟುಹೋಗುತ್ತವೆ.

ಭಾರತದಲ್ಲಿ ಟ್ರ್ಯಾಕ್ಟರು ತಯಾರಿಕೆ ಆರಂಭವಾದದ್ದು 1959ರಲ್ಲಿ, ಫರಿದಾಬಾದಿನ ಐಷರ್ ಕಾರ್ಖಾನೆಯಲ್ಲಿ. ಬೆಂಗಳೂರಿನಲ್ಲಿ 1953ರಲ್ಲಿ ತಲೆಯೆತ್ತಿದ ಎಚ್.ಎಂ.ಟಿ. ಸಂಸ್ಥೆಯು 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯ ನೆರವಿನಿಂದ ಟ್ರ್ಯಾಕ್ಟರು ತಯಾರಿಸತೊಡಗಿತು. ಆ ವಿಭಾಗವನ್ನು ಮುಚ್ಚುವ ತೀರ್ಮಾನವಾದದ್ದು 2016ರಲ್ಲಿ. ಕಾರ್ಖಾನೆ ಮುಚ್ಚಿದರೂ ಅಲ್ಲಿ ಹುಟ್ಟಿದ ಯಂತ್ರಗಳಿಗೆ ಹೊಲದಲ್ಲಿ ನಿವೃತ್ತಿಯಿಲ್ಲ. ಹಳೆಯ ಟ್ರ್ಯಾಕ್ಟರಿನ ಇಂಜಿನು ಗಟ್ಟಿಮುಟ್ಟು. ಮುಪ್ಪು ಮೊದಲು ಕಾಣಿಸಿಕೊಳ್ಳುವುದು ಅದರ ತಂತಿಗಳಲ್ಲಿ.

ಆಜ್ಞೆಯ ಸರಪಳಿ

ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗು ಇರುವುದಿಲ್ಲ. ಒಳಗೆ ಸೇದಿಕೊಂಡ ಗಾಳಿಯನ್ನು ಅದು ಸುಮಾರು 16ರಿಂದ 18 ಪಾಲಿಗೆ ಒಂದು ಪಾಲಾಗುವಂತೆ ಅದುಮುತ್ತದೆ. ಆಗ ಗಾಳಿಯ ಶಾಖ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆ ಶಾಖಕ್ಕೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ನಿಧಾನವಾಗಿ ಅದುಮಿದರೆ ಶಾಖ ಹುಟ್ಟುವ ಮೊದಲೇ ಸೋರಿಹೋಗುತ್ತದೆ. ಆದ್ದರಿಂದ ಸ್ಟಾರ್ಟರು ಇಂಜಿನ್ನನ್ನು ತಿರುವಿದರೆ ಸಾಲದು, ರಭಸದಿಂದ ತಿರುವಬೇಕು. ಇದಕ್ಕಾಗಿ ಅದು ಬ್ಯಾಟರಿಯಿಂದ ಒಂದೇ ಸಲಕ್ಕೆ 200ರಿಂದ 400 ಆಂಪಿಯರುಗಳಷ್ಟು ವಿದ್ಯುತ್ತನ್ನು ಸೆಳೆಯುತ್ತದೆ. ಒಂದು ಮುಂದೀಪಕ್ಕೆ ಬೇಕಾಗುವುದು ಕೇವಲ 5 ಆಂಪಿಯರು.

ಇಷ್ಟು ದೊಡ್ಡ ಪ್ರವಾಹವನ್ನು ಕೀಲಿಕೈಯ ಸಣ್ಣ ಸ್ವಿಚ್ಚು ತಾಳಲಾರದು. ಆದ್ದರಿಂದ ಅಲ್ಲಿ ಒಂದು ಸರಪಳಿಯ ಏರ್ಪಾಡಿದೆ. ಕೀಲಿಕೈ ಆಜ್ಞೆ ಕೊಡುವ ಯಜಮಾನ. ಆ ಆಜ್ಞೆ ತೆಳು ತಂತಿಯ ಮೂಲಕ, ಗೇರು ತಟಸ್ಥವಾಗಿದೆಯೇ ಎಂದು ನೋಡುವ ರಕ್ಷಣೆಯ ಸ್ವಿಚ್ಚನ್ನು ದಾಟಿ, ಸ್ಟಾರ್ಟರಿನ ಬಳಿಯಿರುವ ಸೊಲೆನಾಯ್ಡನ್ನು ಮುಟ್ಟುತ್ತದೆ. ಸೊಲೆನಾಯ್ಡು ಒಂದು ವಿದ್ಯುತ್ ಅಯಸ್ಕಾಂತ. ಅದು ಎಚ್ಚೆತ್ತು ತಾಮ್ರದ ದಪ್ಪ ಬಿಲ್ಲೆಯನ್ನು ಎಳೆದು ಎರಡು ದೊಡ್ಡ ಮೊಳೆಗಳನ್ನು ಕೂಡಿಸುತ್ತದೆ. ಕೇಳಿಸುವ ‘ಟಕ್’ ಸದ್ದು ಇದೇ. ಆಗ ಬ್ಯಾಟರಿಯ ಪೂರ್ಣ ಪ್ರವಾಹ ದಪ್ಪ ತಂತಿಯ ಮೂಲಕ ಮೋಟಾರಿಗೆ ನುಗ್ಗುತ್ತದೆ. ಮೋಟಾರಿನ ತುದಿಯ ಪುಟ್ಟ ಹಲ್ಲಿನ ಚಕ್ರ ಇಂಜಿನ್ನಿನ ದೊಡ್ಡ ಚಕ್ರದ ಹಲ್ಲಿಗೆ ಸಿಕ್ಕಿ ಅದನ್ನು ತಿರುವುತ್ತದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಮೋಟಾರಿಗೆ ಬಂದ ಪ್ರವಾಹ ಬ್ಯಾಟರಿಗೆ ಮರಳಿ ಹೋಗಲೂ ದಾರಿ ಬೇಕು. ಆ ದಾರಿಯೇ ಟ್ರ್ಯಾಕ್ಟರಿನ ಕಬ್ಬಿಣದ ಒಡಲು, ಮತ್ತು ಆ ಒಡಲನ್ನು ಬ್ಯಾಟರಿಯ ಇನ್ನೊಂದು ಕೊನೆಗೆ ಕೂಡಿಸುವ ಒಂದು ತುಂಡು ತಂತಿ. ಮಿಸ್ತ್ರಿಗಳು ಇದನ್ನು ಅರ್ಥಿಂಗ್ ಎನ್ನುತ್ತಾರೆ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ಬರುವ ದಾರಿಯನ್ನು ನೋಡುವವರು ಕಡಿಮೆ.

ದೀಪ ಹೇಳುವ ಅರ್ಧಸತ್ಯ

‘ದೀಪ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ತಂತಿಗಳೆಲ್ಲ ಸರಿಯಾಗಿವೆ’ ಎಂಬ ತರ್ಕದಿಂದ ಮೋಸಹೋದವರಿಗೆ ಲೆಕ್ಕವಿಲ್ಲ. ಹೂಳು ತುಂಬಿದ ಕಾಲುವೆಯನ್ನು ನೆನೆಯಬಹುದು. ಅದರಲ್ಲಿ ಒಂದು ಕೊಡ ನೀರು ತುಂಬಿಕೊಳ್ಳಲು ಅಡ್ಡಿಯಿಲ್ಲ. ಅದೇ ಕಾಲುವೆಯಿಂದ ನಾಲ್ಕು ಎಕರೆ ಹೊಲಕ್ಕೆ ನೀರು ಹಾಯಿಸಹೋದರೆ ಹೂಳಿನ ಗುಟ್ಟು ಹೊರಬೀಳುತ್ತದೆ.

ವಿದ್ಯುತ್ತಿನ ಲೆಕ್ಕವೂ ಇದೇ. ತುಕ್ಕು ಹಿಡಿದ ಒಂದು ಕೂಡುಗಂಟು ಓಮಿನ ನೂರನೆಯ ಒಂದು ಭಾಗದಷ್ಟು ತಡೆಯೊಡ್ಡುತ್ತದೆ ಎಂದು ಇಟ್ಟುಕೊಂಡರೆ, 5 ಆಂಪಿಯರಿನ ದೀಪ ಅಲ್ಲಿ ಕಳೆದುಕೊಳ್ಳುವುದು ಒಂದು ವೋಲ್ಟಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. 300 ಆಂಪಿಯರು ಕೇಳುವ ಸ್ಟಾರ್ಟರಿಗೆ ಅದೇ ಗಂಟಿನಲ್ಲಿ 3 ವೋಲ್ಟು ನಷ್ಟ. 12 ವೋಲ್ಟಿನಲ್ಲಿ ಕಾಲು ಭಾಗ ಹಾದಿಯಲ್ಲಿಯೇ ಸೋರಿ ಶಾಖವಾಗಿಬಿಟ್ಟರೆ ಮೋಟಾರು ತಿರುಗುವುದೆಂತು? ಅಂತಹ ಗಂಟು ಎರಡು ಮೂರು ಸಲ ಕೀಲಿಕೈ ತಿರುವಿದೊಡನೆ ಬಿಸಿಯಾಗುವುದೂ ಇದಕ್ಕಾಗಿಯೇ.

ಹಾಗೆಂದು ದೀಪ ನಿರುಪಯೋಗಿಯಲ್ಲ. ಅದನ್ನು ಉರಿಸಿಟ್ಟು ಕೀಲಿಕೈ ತಿರುವಿ, ಆಗ ಅದು ಹೇಗೆ ವರ್ತಿಸುತ್ತದೆ ಎಂದು ನೋಡಬೇಕು. ದೀಪ ಥಟ್ಟನೆ ಆರಿದಂತಾದರೆ ಬ್ಯಾಟರಿ ಬರಿದಾಗಿದೆ, ಇಲ್ಲವೆ ದೀಪಕ್ಕೂ ಸ್ಟಾರ್ಟರಿಗೂ ಸಮಾನವಾದ ಯಾವುದೋ ಗಂಟು ಸಡಿಲವಾಗಿದೆ. ಸ್ವಲ್ಪವೂ ಮಂಕಾಗದೆ ಮೊದಲಿನಂತೆಯೇ ಬೆಳಗುತ್ತಿದ್ದರೆ ಸ್ಟಾರ್ಟರಿಗೆ ಪ್ರವಾಹ ಹೊರಟೇ ಇಲ್ಲವೆಂದು ಅರ್ಥ.

ಸದ್ದಿನಲ್ಲಿ ರೋಗಲಕ್ಷಣ

ಅನುಭವಿ ಮಿಸ್ತ್ರಿಯು ಪಾನಾ ಎತ್ತುವ ಮೊದಲು ಕಿವಿಗೊಡುತ್ತಾನೆ. ವೈದ್ಯನು ನಾಡಿ ಹಿಡಿದಂತೆ ಆತ ಸದ್ದನ್ನು ಹಿಡಿಯುತ್ತಾನೆ.

ಕೀಲಿಕೈ ತಿರುವಿದರೂ ಯಾವ ಸದ್ದೂ ಇಲ್ಲ, ದೀಪ ಮಾತ್ರ ಉಜ್ವಲವಾಗಿದೆ ಎಂದರೆ ಆಜ್ಞೆಯೇ ತಲುಪಿಲ್ಲ. ಕೀಲಿಕೈಯ ಸ್ವಿಚ್ಚು, ಗೇರಿನ ರಕ್ಷಣೆಯ ಸ್ವಿಚ್ಚು, ಸೊಲೆನಾಯ್ಡಿಗೆ ಹೋಗುವ ತೆಳು ತಂತಿ, ಇವುಗಳಲ್ಲಿ ಒಂದರ ಕೊಂಡಿ ಕಳಚಿರಬೇಕು. ಇಲಿ ಕಡಿದ ತಂತಿಯೂ ಆಗಿರಬಹುದು.

‘ಟಕಟಕಟಕ’ ಎಂದು ಬಿಡದೆ ಬಡಿದುಕೊಂಡರೆ ಬ್ಯಾಟರಿ ಸೊರಗಿದೆ. ಸೊಲೆನಾಯ್ಡು ಎಳೆಯುತ್ತದೆ, ಎಳೆದೊಡನೆ ವೋಲ್ಟು ಕುಸಿದು ಕೈಬಿಡುತ್ತದೆ, ಭಾರ ಇಳಿದೊಡನೆ ವೋಲ್ಟು ಚೇತರಿಸಿ ಮತ್ತೆ ಎಳೆಯುತ್ತದೆ.

ಗಟ್ಟಿಯಾದ ಒಂದೇ ‘ಟಕ್’ ಎಂದರೆ ಆಜ್ಞೆ ತಲುಪಿದೆ, ದುಡಿಮೆ ನಡೆಯುತ್ತಿಲ್ಲ. ಸೊಲೆನಾಯ್ಡಿನ ತಾಮ್ರದ ಬಿಲ್ಲೆ ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ಷುಗಳು ಸವೆದಿರಬಹುದು, ದಪ್ಪ ತಂತಿಯ ಯಾವುದೋ ಗಂಟಿನಲ್ಲಿ ತುಕ್ಕಿರಬಹುದು. ಇವುಗಳಲ್ಲಿ ಕೊನೆಯದು ಕಾಸಿನ ಖರ್ಚಿಲ್ಲದೆ ಪರೀಕ್ಷಿಸಬಹುದಾದುದು. ಆದುದರಿಂದ ಅದನ್ನೇ ಮೊದಲು ನೋಡುವುದು ಬುದ್ಧಿವಂತಿಕೆ.

ನರಳುತ್ತ ಮೆಲ್ಲಮೆಲ್ಲನೆ ತಿರುಗಿದರೆ ಬ್ಯಾಟರಿಯ ಬಲಹೀನತೆ, ತಂತಿಯ ಗಂಟುಗಳ ತಡೆ, ಇಲ್ಲವೆ ಮೋಟಾರಿನ ಬುಷ್ಷುಗಳು ಸವೆದು ಒಳಗಿನ ಆರ್ಮೇಚರು ಗೋಡೆಗೆ ಉಜ್ಜುತ್ತಿರುವುದು ಕಾರಣ. ಮೋಟಾರು ಗರ್ರನೆ ತಿರುಗಿ ಇಂಜಿನು ಕದಲದಿದ್ದರೆ ಹಲ್ಲಿನ ಚಕ್ರಗಳು ಒಂದನ್ನೊಂದು ಹಿಡಿಯುತ್ತಿಲ್ಲ.

ಇಂಜಿನು ರಭಸದಿಂದಲೇ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಸಾಮಾನ್ಯವಾಗಿ ವಿದ್ಯುತ್ತನ್ನು ದೂರಬೇಕಾಗಿಲ್ಲ. ಎಣ್ಣೆಯ ಕೊಳವೆಯಲ್ಲಿ ಗಾಳಿ ಸೇರಿದೆಯೇ, ಫಿಲ್ಟರು ಕಟ್ಟಿದೆಯೇ ಎಂದು ನೋಡಬೇಕು. ಇಂಜಿನ್ನನ್ನು ನಿಲ್ಲಿಸಲು ನಿನ್ನೆ ಸಂಜೆ ಎಳೆದ ಕಡ್ಡಿಯನ್ನು ಇಂದು ಬೆಳಗ್ಗೆ ಒಳಕ್ಕೆ ಒತ್ತಲು ಮರೆತು ಬೆವರಿಳಿಸಿಕೊಂಡವರೂ ಇದ್ದಾರೆ.

ಬಣ್ಣದ ಅಡಿಯ ಗುಟ್ಟು

ರೋಣದ ಹೊಲಕ್ಕೆ ಬಂದ ಮಿಸ್ತ್ರಿ ವಯಸ್ಸಿನಲ್ಲಿ ಕಿರಿಯ. ಬ್ಯಾಟರಿ ಬಿಚ್ಚಲು ಹೊರಟ ಹಿರಿಯನನ್ನು ತಡೆದು, “ಗಡಬಡಿ ಮಾಡಬ್ಯಾಡ್ರಿ ಕಾಕಾ. ಬಣ್ಣಾ ಯಾವಾಗ ಹಚ್ಚಿಸೀರಿ?” ಎಂದು ಕೇಳುತ್ತಾನೆ.

“ಖಂಡೇಪೂಜೆ ಬಂತಲ್ಲ ತಮ್ಮಾ, ಹೋದ ವಾರ ಹಚ್ಚಿಸೇನಿ. ಬಣ್ಣಕ್ಕೂ ಸೆಲ್ಫಿಗೂ ಏನ್ ಸಂಬಂಧ?”

ಸಂಬಂಧವುಂಟು. ನವರಾತ್ರಿಗೆ ಟ್ರ್ಯಾಕ್ಟರನ್ನು ತೊಳೆದು, ಬಣ್ಣ ಬಳಿದು, ಚೆಂಡುಹೂವಿನ ಮಾಲೆ ಹಾಕುವುದು ವಾಡಿಕೆ. ಹಸ್ತಾ, ಚಿತ್ತಾ ಮಳೆಗಳ ಬಿತ್ತಿಗೆಯೂ ಅದೇ ಸುಮಾರಿಗೆ. ಬಣ್ಣ ಹಚ್ಚುವಾಗ ಬಿಚ್ಚಿದ ಅರ್ಥಿಂಗ್ ತಂತಿಯನ್ನು ಒಣಗಿದ ಹೊಸ ಬಣ್ಣದ ಮೇಲೆಯೇ ಬಿಗಿದರೆ ತಂತಿಗೂ ಕಬ್ಬಿಣಕ್ಕೂ ನಡುವೆ ತೆರೆಯೊಂದು ಬೀಳುತ್ತದೆ. ಬಣ್ಣದ ಮೂಲಕ ವಿದ್ಯುತ್ತು ಹಾಯದು. ಬೋಲ್ಟಿನ ತಿರುಪಿನ ಎಳೆಗಳ ಮೂಲಕ ಕೆಲವು ದಿನ ಅದು ಹೇಗೋ ದಾರಿ ಮಾಡಿಕೊಳ್ಳುತ್ತದೆ. ಆ ಕಿರಿದಾದ ದಾರಿಯೂ ಕಾಯ್ದು ಕಪ್ಪಾದ ಮೇಲೆ ಒಂದು ಬೆಳಗ್ಗೆ ‘ಟಕ್’ ಎಂದು ನಿಲ್ಲುತ್ತದೆ.

ಮಿಸ್ತ್ರಿಯ ಚೀಲದಲ್ಲಿ ವೋಲ್ಟು ಅಳೆಯುವ ಸಣ್ಣ ಮೀಟರಿದೆ. ಮೊದಲು ಆತ ಬ್ಯಾಟರಿಯನ್ನು ಅಳೆಯುತ್ತಾನೆ. ತಲಾ 2.1 ವೋಲ್ಟಿನ ಆರು ಕೋಶಗಳಿರುವ ಬ್ಯಾಟರಿ ಪೂರ್ಣ ತುಂಬಿ ವಿಶ್ರಾಂತಿಯಲ್ಲಿದ್ದಾಗ 12.6 ವೋಲ್ಟು ತೋರಿಸಬೇಕು. 12.2 ಎಂದರೆ ಅರ್ಧ ಬರಿದು. 12ಕ್ಕಿಂತ ಕೆಳಗಿಳಿದರೆ ಚಾರ್ಜಿಗೆ ಕಳಿಸಲೇಬೇಕು. ಈ ಬ್ಯಾಟರಿಯಲ್ಲಿ 12.5 ಇದೆ. ಅದು ಸತ್ತಿಲ್ಲ.

ಮುಂದಿನ ಪರೀಕ್ಷೆಗೆ ಗೇರು ತಟಸ್ಥವಾಗಿರಬೇಕು, ಕೈಬ್ರೇಕು ಬಿಗಿದಿರಬೇಕು, ಇಂಜಿನು ಏಳದಂತೆ ನಿಲ್ಲಿಸುವ ಕಡ್ಡಿಯನ್ನು ಎಳೆದಿಟ್ಟಿರಬೇಕು. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅರ್ಥಿಂಗ್ ಕಡೆಯ ಸೀಸದ ಕಂಬಕ್ಕೂ ಇನ್ನೊಂದನ್ನು ಸ್ಟಾರ್ಟರಿನ ಲೋಹದ ಮೈಗೂ ಮುಟ್ಟಿಸಿ, “ಈಗ ಸೆಲ್ಫ್ ಹೊಡೀರಿ ಕಾಕಾ” ಎನ್ನುತ್ತಾನೆ. ದಾರಿ ಸ್ವಚ್ಛವಾಗಿದ್ದರೆ ಮುಳ್ಳು ಅರ್ಧ ವೋಲ್ಟನ್ನು ಮೀರಬಾರದು. ಇಲ್ಲಿ ಅದು ಎಷ್ಟೋ ಮೇಲಕ್ಕೆ ಜಿಗಿಯುತ್ತದೆ. ಕಳ್ಳ ಸಿಕ್ಕಿಬಿದ್ದ. ಪ್ರವಾಹ ಇಲ್ಲದಾಗ ಇದೇ ಗಂಟನ್ನು ಎಷ್ಟು ಸಲ ಅಳೆದರೂ ದೋಷ ಕಾಣುತ್ತಿರಲಿಲ್ಲ. ಭಾರ ಬಿದ್ದಾಗ ಮಾತ್ರ ಅದು ಬಯಲಾಗುತ್ತದೆ. ಧನದ ಕಡೆಯ ದಪ್ಪ ತಂತಿಯನ್ನೂ ಹೀಗೆಯೇ ತುದಿಯಿಂದ ತುದಿಗೆ ಅಳೆಯಬಹುದು. ಸ್ಟಾರ್ಟರು ದುಡಿಯುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವಣ ವೋಲ್ಟು 9.6ಕ್ಕಿಂತ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯ ಮೇಲೆ ಸಂಶಯಪಡಬೇಕು.

ಉಳಿದದ್ದು ಅರ್ಧ ಗಂಟೆಯ ಕೆಲಸ. ತಂತಿ ಬಿಚ್ಚಿ, ಒಡಲಿನ ಮೇಲಿನ ಬಣ್ಣವನ್ನು ಬೆಳ್ಳಗೆ ಹೊಳೆಯುವ ತನಕ ಕೆರೆದು, ತಂತಿಯ ಕಿವಿಯನ್ನು ಉಸುಕಿನ ಕಾಗದದಿಂದ ಉಜ್ಜಿ, ಬಿಗಿಯಾಗಿ ಕೂಡಿಸಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರುವುದು. ಹಲವು ಸಾವಿರ ರೂಪಾಯಿಯ ಹೊಸ ಬ್ಯಾಟರಿ ತಂದಿದ್ದರೂ ಈ ಟ್ರ್ಯಾಕ್ಟರು ‘ಟಕ್’ ಎಂದೇ ನಿಲ್ಲುತ್ತಿತ್ತು. ಗದಗಿಗೆ ಹೋಗಿಬರುವುದರಲ್ಲಿ ಹದದ ಒಂದು ದಿನವೂ ಕಳೆದುಹೋಗುತ್ತಿತ್ತು.

ಬ್ಯಾಟರಿಯ ಆರೈಕೆ

ಹಾಗೆಂದು ಬ್ಯಾಟರಿ ಯಾವಾಗಲೂ ನಿರಪರಾಧಿ ಎನ್ನುವಂತಿಲ್ಲ. ಕಾರು ದಿನವೂ ಓಡುತ್ತದೆ. ಟ್ರ್ಯಾಕ್ಟರು ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ನಿಂತಿರುತ್ತದೆ. ನಿಂತ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಬರಿದಾಗಿ ಬಹುಕಾಲ ಉಳಿದರೆ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಗಟ್ಟಿ ಹರಳು ಕಟ್ಟಿ, ಮತ್ತೆ ಚಾರ್ಜು ಹಿಡಿಯುವ ಶಕ್ತಿ ಕುಂದುತ್ತದೆ. ಡೈನಮೊ ಇರುವ ಹಳೆಯ ಯಂತ್ರಗಳಲ್ಲಿ ಇಂಜಿನು ನಿಧಾನವಾಗಿ ಓಡುವಾಗ ವಿದ್ಯುತ್ತು ಸಾಕಷ್ಟು ಹುಟ್ಟುವುದೂ ಇಲ್ಲ. ಜಾತ್ರೆಗೆ ಹೊರಟ ಟ್ರ್ಯಾಕ್ಟರಿನ ಮೇಲೆ ದೊಡ್ಡ ಸ್ಪೀಕರುಗಳನ್ನು ಕೂಡಿಸಿ, ಇಂಜಿನು ನಿಲ್ಲಿಸಿ ರಾತ್ರಿಯೆಲ್ಲ ಹಾಡು ಹಾಕಿದರೆ ಬೆಳಗಿನ ಗತಿ ಹೇಳಬೇಕಾಗಿಲ್ಲ.

ಬೇಸಿಗೆಯ ಬಿಸಿಲಿಗೆ ಬ್ಯಾಟರಿಯ ನೀರು ಆವಿಯಾಗುತ್ತದೆ. ಫಲಕಗಳು ಮುಳುಗಿ ಮೇಲೆ ಒಂದು ಸೆಂಟಿಮೀಟರಿನಷ್ಟು ನಿಲ್ಲುವಂತೆ ಬಟ್ಟಿಯಿಳಿಸಿದ ನೀರನ್ನೇ ತುಂಬಬೇಕು. ಬೋರಿನ ಸವಳು ನೀರು ಬ್ಯಾಟರಿಗೆ ವಿಷ. ಆಮ್ಲವನ್ನು ಮತ್ತೆ ಸೇರಿಸಬೇಕಾಗಿಲ್ಲ. ಆವಿಯಾಗುವುದು ನೀರು ಮಾತ್ರ. ಕಂಬಗಳ ಮೇಲೆ ಕಟ್ಟುವ ಬಿಳಿ ಹಸಿರು ಬಣ್ಣದ ಕಿಟ್ಟವನ್ನು ತೆಗೆಯಲು ಅಡುಗೆಮನೆಯ ಸೋಡಾ ಕರಗಿಸಿದ ನೀರು ಸಾಕು. ಅದು ಒಳಗೆ ಇಳಿಯದಂತೆ ಮುಚ್ಚಳಗಳು ಬಿಗಿಯಾಗಿರಬೇಕು.

ಚಾರ್ಜಾಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೂ ಅದು ಸಿಡಿಯಬಲ್ಲದು. ಬೀಡಿಯಾಗಲಿ ದೀಪದ ಕುಡಿಯಾಗಲಿ ಹತ್ತಿರ ಬರಬಾರದು. ತಂತಿ ಬಿಚ್ಚುವಾಗ ಅರ್ಥಿಂಗ್ ಕಡೆಯದನ್ನು ಮೊದಲು ಬಿಚ್ಚಿ, ಕೂಡಿಸುವಾಗ ಅದನ್ನೇ ಕೊನೆಗೆ ಕೂಡಿಸಬೇಕು. ಈ ಕ್ರಮ ತಪ್ಪಿದರೆ ಪಾನಾದ ತುದಿ ಒಡಲಿಗೆ ತಗುಲಿ ಕಿಡಿ ಹಾರುತ್ತದೆ. ಕೆಲವು ಹಳೆಯ ಬ್ರಿಟಿಷ್ ಟ್ರ್ಯಾಕ್ಟರುಗಳಲ್ಲಿ ಒಡಲಿಗೆ ಕೂಡಿಸಿರುವುದು ಬ್ಯಾಟರಿಯ ಧನದ ಕೊನೆಯನ್ನು. ಹೊಸ ಬ್ಯಾಟರಿ ಇಡುವ ಮೊದಲು ಹಳೆಯದು ಹೇಗಿತ್ತೆಂದು ನೋಡಿಕೊಳ್ಳುವುದು ಒಳಿತು.

ಪಾನಾ ಹಚ್ಚುವ ಚಟ

ಈಗ ಆ ಮೂರನೆಯವನ ಕಡೆಗೆ ತಿರುಗಬೇಕು. ಆತನ ಉಪಾಯ ಸರಳ: ನೆಲದ ಮೇಲೆ ನಿಂತು, ಸೊಲೆನಾಯ್ಡಿನ ಎರಡು ಮೊಳೆಗಳಿಗೆ ಪಾನಾ ಅಡ್ಡ ಹಿಡಿದರೆ ಕೀಲಿಕೈಯ ಹಂಗಿಲ್ಲದೆ ಪ್ರವಾಹ ಮೋಟಾರಿಗೆ ಹಾಯುತ್ತದೆ. ಕೀಲಿಕೈಯ ಸ್ವಿಚ್ಚು ಕೆಟ್ಟು ವರ್ಷಗಳಾದರೂ ದಿನವೂ ಹೀಗೆಯೇ ಏಳಿಸುವವರು ಇದ್ದಾರೆ. ಎಷ್ಟೋ ದಿನ ಏನೂ ಆಗುವುದಿಲ್ಲ. ಅದರಿಂದಲೇ ಧೈರ್ಯ ಬೆಳೆಯುತ್ತದೆ.

ಕೀಲಿಕೈಯ ಆಜ್ಞೆ ಗೇರು ತಟಸ್ಥವಾಗಿದೆಯೇ ಎಂದು ನೋಡುವ ಸ್ವಿಚ್ಚನ್ನು ದಾಟಿಯೇ ಬರುತ್ತದೆ. ಪಾನಾದ ಆಜ್ಞೆ ಯಾರನ್ನೂ ಕೇಳುವುದಿಲ್ಲ. ಹಿಂದಿನ ಸಂಜೆ ಯಾರೋ ಗೇರಿನಲ್ಲಿಯೇ ಬಿಟ್ಟುಹೋಗಿದ್ದರೆ, ಇಂಜಿನು ಹೊತ್ತಿಕೊಂಡೊಡನೆ ಟ್ರ್ಯಾಕ್ಟರು ಮುನ್ನುಗ್ಗುತ್ತದೆ. ಪಾನಾ ಹಿಡಿದವನು ನಿಂತಿರುವುದು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಆ ದೊಡ್ಡ ಚಕ್ರ ಬರುವ ಹಾದಿಯಲ್ಲಿ. ಹಾರಿ ತಪ್ಪಿಸಿಕೊಳ್ಳಲು ಸಮಯವಿರುವುದಿಲ್ಲ. ಡೀಸೆಲ್ ಇಂಜಿನ್ನಿಗೆ ಕಿಡಿಯ ಅಗತ್ಯವಿಲ್ಲದ್ದರಿಂದ ತಂತಿ ಕಿತ್ತರೂ ಹಳೆಯ ಟ್ರ್ಯಾಕ್ಟರು ನಿಲ್ಲದು. ನಿಲ್ಲಿಸುವ ಕಡ್ಡಿ ಇರುವುದು ಮೇಲೆ, ಆಸನದ ಮುಂದೆ. ದೇಶವಿದೇಶಗಳಲ್ಲಿ ನುರಿತ ಚಾಲಕರೇ ಈ ಬಗೆಯಲ್ಲಿ ಜೀವ ಕಳೆದುಕೊಂಡಿದ್ದಾರೆ.

1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಫರ್ಗ್ಯುಸನ್ ಟಿ.ಇ.-20 ಟ್ರ್ಯಾಕ್ಟರಿನಲ್ಲಿ ಈ ಅಪಾಯಕ್ಕೆ ಸೊಗಸಾದ ತಡೆಯಿತ್ತು. ಗೇರಿನ ಕೋಲನ್ನೇ ಒಂದು ಗೊತ್ತಾದ ಸ್ಥಾನಕ್ಕೆ ತಳ್ಳಿದಾಗ ಮಾತ್ರ ಅದರ ಸ್ಟಾರ್ಟರು ತಿರುಗುತ್ತಿತ್ತು. ಆ ಸ್ಥಾನದಲ್ಲಿ ಕೋಲಿರುವಾಗ ಯಾವ ಗೇರೂ ಬೀಳುವಂತಿರಲಿಲ್ಲ. ಬಳಿಕ ಬಂದ ಯಂತ್ರಗಳಲ್ಲಿ ರಕ್ಷಣೆಯ ಕೆಲಸವನ್ನು ಒಂದು ಸಣ್ಣ ಸ್ವಿಚ್ಚಿಗೆ ಒಪ್ಪಿಸಲಾಯಿತು. ಅದು ಕೆಟ್ಟಾಗ ಬದಲಿಸುವ ಬದಲು ಎರಡು ತಂತಿಗಳನ್ನು ಹೆಣೆದು ಮುಗಿಸಿಬಿಡುವುದುಂಟು. ಹಳೆಯ ಟ್ರ್ಯಾಕ್ಟರು ಕೊಳ್ಳುವವರು ಬಣ್ಣವನ್ನೂ ಟಯರುಗಳನ್ನೂ ನೋಡುವ ಮೊದಲು ಈ ಸ್ವಿಚ್ಚು ಜೀವಂತವಾಗಿದೆಯೇ ಎಂದು ನೋಡಬೇಕು. ಪಟ್ಟಣದಲ್ಲಿ ನೆಲೆಸಿ ಊರಿನ ಹೊಲವನ್ನು ಲಾವಣಿಗೆ ಕೊಟ್ಟಿರುವವರು ಸುಗ್ಗಿಯ ಲೆಕ್ಕ ಕೇಳುವಾಗ ಈ ಮಾತನ್ನೂ ಕೇಳುವುದು ಒಳ್ಳೆಯದು. ಸ್ವಿಚ್ಚಿನ ಬೆಲೆ ಅಲ್ಪ. ಅದನ್ನು ಕೂಡಿಸಲು ಮಿಸ್ತ್ರಿಗೆ ಬೇಕಾಗುವ ಹೊತ್ತೂ ಅಲ್ಪ.

ರೋಣದ ಆ ಹೊಲದಲ್ಲಿ ಮಿಸ್ತ್ರಿ ಮೊದಲು ಮಾಡಿದ ಕೆಲಸವೆಂದರೆ ಚಕ್ರದ ಬಳಿಯಿದ್ದ ತರುಣನ ಕೈಯಿಂದ ಪಾನಾ ತೆಗೆದುಕೊಂಡದ್ದು. ಅದರಿಂದಲೇ ಆತ ಅರ್ಥಿಂಗಿನ ಬೋಲ್ಟನ್ನು ಬಿಗಿದ. ಹಿರಿಯನು ಆಸನವೇರಿ, ಗೇರಿನ ಕೋಲನ್ನು ಅತ್ತಿತ್ತ ಅಲುಗಿಸಿ ನೋಡಿ, ನಿಲ್ಲಿಸುವ ಕಡ್ಡಿಯನ್ನು ಒಳಕ್ಕೆ ಒತ್ತಿ ಕೀಲಿಕೈ ತಿರುವಿದ. ಮೊದಲ ಸುತ್ತಿಗೇ ಇಂಜಿನು ಕೆಮ್ಮಿ, ಕರಿಹೊಗೆ ಬಿಟ್ಟು, ಗುಡುಗತೊಡಗಿತು. ಬದುವಿನ ಮೇಲಿದ್ದ ಬೀಜದ ಚೀಲಗಳ ಬಾಯಿ ಬಿಚ್ಚಿದರು. ಬಿಸಿಲು ಇನ್ನೂ ಏರಿರಲಿಲ್ಲ. ಮಣ್ಣಿನ ಹದವೂ ಆರಿರಲಿಲ್ಲ.